ಕಲ್ಲಾದ ಊರಿಗೆ ಬಂದ ಸೋರ್ಚಾ

ಬಹಳ ಹಿಂದಿನ ಮಾತು. ಪಡುವಣ ಕಡಲಿನ ನಡುವೆ, ವರ್ಷವಿಡೀ ಹಸಿರು ಹೊದ್ದ ಐರ್ಲೆಂಡ್ ದ್ವೀಪದಲ್ಲಿ, ಕಿಲ್‌ಬಾರನ್ ಎಂಬ ಪುಟ್ಟ ಊರಿತ್ತು. ಸುತ್ತ ಕೋಟೆಗೋಡೆ, ನಡುವೆ ಹೊಳೆ, ಆಚೆ ದಡದಲ್ಲಿ ಮುಗಿಲೆತ್ತರದ ದುಂಡುಗೋಪುರ. ಆ ಊರಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಮೊಯ್ರಾಳನ್ನು ನೋಡಲು ಕುರಿ ಕಾಯುವ ಸೋರ್ಚಾ ಬೆಟ್ಟ ಇಳಿದು ಬಂದಳು.

ಬಂದು ನೋಡಿದರೆ, ರೊಟ್ಟಿ ಮಾರುವವನು ಬಾಯಿ ತೆರೆದಂತೆಯೇ ಕಲ್ಲಾಗಿದ್ದ. ಬಾವಿಕಟ್ಟೆಯಲ್ಲಿ ಅಕ್ಕನೂ ಕಲ್ಲು, ಅವಳ ಕಂಕುಳಿನ ಕೂಸೂ ಕಲ್ಲು. ದೂರದೇಶದ ಸಿರಿವಂತರು ಸುತ್ತ ನಿಂತು, "ಆಹಾ, ಎಂಥ ಪುರಾತನ ಊರು!" ಎಂದು ಕೊಂಡಾಡುತ್ತಿದ್ದರು. ಒಬ್ಬ ಕೂಸಿನ ಕೆನ್ನೆ ಸವರಿದ.

"ಕೈ ತೆಗೆಯೋ!" ಸೋರ್ಚಾ ಗುಡುಗಿದಳು. "ಯಾರ ಕೆಲಸ ಇದು?"

"ಗೋಪುರದ ಮಾಂತ್ರಿಕ ಡುವಾಲ್ತಾನದು. ಊರು ಹಾಳಾಗದಂತೆ ಕಾಪಾಡಿದ್ದಾನೆ," ಎಂದ ಅವನು.

ಸೋರ್ಚಾಳ ಮೈಯೆಲ್ಲ ಉರಿದುಹೋಯಿತು. ಕೋಲು ಹಿಡಿದು ಹೊರಟಳು.

ಸೇತುವೆಯ ಮೇಲೆ ಕರುವಿನಷ್ಟು ದೊಡ್ಡ ಕರಿನಾಯಿ ಅಡ್ಡ ನಿಂತಿತು. "ಸಿಟ್ಟು ಕೊಡು, ಸುಖನಿದ್ದೆ ಕೊಡುತ್ತೇನೆ."

"ನನ್ನಕ್ಕ ಎವೆ ಮುಚ್ಚದೆ ನಿಂತಿದ್ದಾಳೆ, ನನಗೆಂಥ ನಿದ್ದೆ? ಕೊಡೆನೆಂದರೆ ಕೊಡೆನು!" ನಾಯಿ ಬಾಲ ಮುದುಡಿ ದಾರಿ ಬಿಟ್ಟಿತು.

ಹೊಳೆಯೊಳಗಿಂದ ಮೈಯೆಲ್ಲ ನೀರು ಸೋರುವ ಮಾಯದ ಕುದುರೆಯೊಂದು ಎದ್ದಿತು. "ಸಿಟ್ಟು ಕೊಡು, ಮರೆವು ಕೊಡುತ್ತೇನೆ."

"ನಾನೂ ಮರೆತರೆ ಅವಳಿಗೆ ಯಾರಿದ್ದಾರೆ? ಕೊಡೆನೆಂದರೆ ಕೊಡೆನು!" ಕುದುರೆ ಕಣ್ಣೀರಿಟ್ಟು ಮುಳುಗಿತು.

ಗೋಪುರದ ಬಾಗಿಲಲ್ಲಿ ಕಾಗೆರಾಯ ಕೂತಿದ್ದ. "ಸಿಟ್ಟು ಕೊಡು, ರಾಜ್ಯ ಕೊಡುತ್ತೇನೆ."

"ಕಲ್ಲುಗಳನ್ನು ಆಳಲೇ? ಕೊಡೆನೆಂದರೆ ಕೊಡೆನು!" ಕಾಗೆ ಹಾರಿತು, ಬಾಗಿಲು ತೆರೆಯಿತು.

ಒಳಗೆ ಡುವಾಲ್ತಾ ಗಾಜಿನ ಬುರುಡೆಯೊಂದನ್ನು ತಬ್ಬಿ ಕೂತಿದ್ದ. ಊರಿನವರ ಉಸಿರೆಲ್ಲ ಅದರೊಳಗೆ ಸುತ್ತುತ್ತಿತ್ತು.

"ಸಿಟ್ಟೇಕೆ ಮಗಳೇ?" ಅವನು ನಕ್ಕ. "ಇವರಿಗೆ ಮುಪ್ಪಿಲ್ಲ, ಸಾವಿಲ್ಲ. ಇಷ್ಟು ಚೆಂದದ ಊರು ಎಲ್ಲಿದೆ?"

"ಆ ಕೂಸಿಗೆ ಹಲ್ಲು ಬರಬೇಕು. ಅದು ನಡೆಯಬೇಕು, ಬೀಳಬೇಕು, ಅಳಬೇಕು. ಅದನ್ನೆಲ್ಲ ಕಸಿಯಲು ನೀನು ಯಾರು?"

ಮಾಂತ್ರಿಕ ಮಂತ್ರ ಊದಿದ. ಸೋರ್ಚಾಳ ಪಾದ ಕಲ್ಲಾಯಿತು, ಮೊಣಕಾಲು ಕಲ್ಲಾಯಿತು, ನಡು ಕಲ್ಲಾಯಿತು. ಎದೆಯ ಹತ್ತಿರ ಬಂದ ಕಲ್ಲು ಮಾತ್ರ ಅಲ್ಲಿನ ಕಾವಿಗೆ ಚಟಚಟನೆ ಸಿಡಿದು ಉದುರಿತು. ಅವಳು ಕೋಲೆತ್ತಿ ಬೀಸಿದಳು. ಬುರುಡೆ ಒಡೆಯಿತು. ಉಸಿರೆಲ್ಲ ಬಿರುಗಾಳಿಯಾಗಿ ನುಗ್ಗಿತು. ಡುವಾಲ್ತಾ ಹಿಡಿ ಧೂಳಾಗಿ ಅದರಲ್ಲಿ ತೂರಿಹೋದ. ಸೋರ್ಚಾಳ ನಡು, ಕಾಲುಗಳ ಕಲ್ಲೂ ಕಳಚಿ ಬಿತ್ತು.

ಕಾವಲಿದ್ದ ಪ್ರಾಣಿಗಳು ಮನುಷ್ಯರಾದವು. ಹೊಳೆಯಿಂದ ತೊಯ್ದು ಎದ್ದುಬಂದವನು ಮೊಯ್ರಾಳ ಗಂಡ. ಊರಿಗೆ ಊರೇ ಗದ್ದಲವೆದ್ದಿತು. ಕೂಸು ಕಿಟಾರನೆ ಕಿರುಚಿತು. ಬಾವಿಕಟ್ಟೆಗೆ ಓಡಿಬಂದ ತಂಗಿಯನ್ನು ಮೊಯ್ರಾ ಬಾಚಿ ತಬ್ಬಿಕೊಂಡು, "ಏನೇ, ಇಷ್ಟು ತಡವಾಗಿಯೇ ಬರೋದು!" ಎಂದು ಬೈದು ಅತ್ತಳು.

ಆಮೇಲೆ ಆ ಊರಿನವರು ಮುದುಕರಾದರು, ಜಗಳವಾಡಿದರು, ರಾಜಿಯಾದರು. ಗೋಡೆಗಳು ಅಲ್ಲಲ್ಲಿ ಬಿರುಕು ಬಿಟ್ಟವು. ಎಲ್ಲರೂ ಸುಖವಾಗಿದ್ದರು. ಸೋರ್ಚಾಳ ಸಿಟ್ಟು ಇಳಿಯಲು ಮಾತ್ರ ಬಹಳ ಕಾಲ ಹಿಡಿಯಿತು; ಬೇಗ ಇಳಿಸಿಕೋ ಎಂದು ಆ ಊರಲ್ಲಿ ಯಾರೂ ಅವಳಿಗೆ ಹೇಳಲಿಲ್ಲ.