ನಡುಮನೆಯ ನಾಗನ ಎಲೆ

ದೇವರು ಬೆಟ್ಟಗಳನ್ನು ಮಾಡಿ ಇನ್ನೂ ಕೈ ತೊಳೆದಿರದ ಕಾಲ. ಆಗ ಇಂದ್ರವತಿ ಎಂಬ ರಾಜ್ಯವಿತ್ತು. ರಾಜ್ಯದ ನಡುವೆ ಹೊಳೆ. ಆಚೆ ಮೂಡಲಸೀಮೆ, ಈಚೆ ಪಡುವಲಸೀಮೆ. ಹೊಳೆಯ ನಡುಗಡ್ಡೆಯಲ್ಲಿ ನಡುಮನೆ ಎಂಬ ಮಾಯದ ಮನೆ. ಅಲ್ಲಿ ಮೂರು ಪ್ರಾಣಿಗಳಿದ್ದವು: ಯಾವ ಬಾಗಿಲನ್ನಾದರೂ ತೆರೆಯುವ ಬಿಳಿ ಆನೆ, ಮೈಯಿಂದ ಬೆಳಕು ಸೂಸುವ ಗಿಳಿ, ಎಂಥ ವಿಷವನ್ನಾದರೂ ಹೀರುವ ನಾಗ. ಅವನ್ನು ಸಾಕಿ ಪಳಗಿಸಿದವರು ಮೂಡಲವರು. ಆದರೆ ಪುಣ್ಯಾತ್ಮನಾದ ರಾಜ, "ಭಗವಂತನ ವರ ಎಲ್ಲರದು. ಸೀಮೆಗೊಂದು ಆನೆ ಯಾಕೆ, ಒಂದನ್ನೇ ಹಂಚಿಕೊಳ್ಳಿ" ಎಂದು ಎರಡೂ ಸೀಮೆಗೆ ಬಿಟ್ಟುಕೊಟ್ಟಿದ್ದ.

ಬಿಟ್ಟುಕೊಟ್ಟರೇನು? ಪಡುವಲವರು ಕರೆದರೆ ಪ್ರಾಣಿಗಳು ಬರುತ್ತಿರಲಿಲ್ಲ. ಬಂದರೂ ಕೆರಳುತ್ತಿದ್ದವು. ಮೂಡಲವರು ಏನೋ ಕಿವಿಯೂದಿದ್ದಾರೆ ಎಂದು ಇವರು. ಪಡುವಲವರು ನೈವೇದ್ಯದಲ್ಲಿ ಏನೋ ಬೆರೆಸುತ್ತಾರೆ ಎಂದು ಅವರು. ಒಂದೇ ದೋಣಿಯಲ್ಲಿ ಕುಳಿತರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಬುತ್ತಿ ಬಿಚ್ಚುತ್ತಿದ್ದರು.

ಈ ಅನುಮಾನವನ್ನೇ ಉಂಡು ಕೊಬ್ಬಿದವನು ಮಾಂತ್ರಿಕ ಧೂಮಕೇಶ. ಎರಡೂ ಸೀಮೆಯ ರೀತಿ ಬಲ್ಲವನು ಅವನೊಬ್ಬನೇ. ಪರದೆಯ ಹಿಂದೆ ನಿಂತು ಪಡುವಲವರ ಕೆಲಸ ಮಾಡಿಸಿಕೊಡುತ್ತಿದ್ದ. ಬದಲಿಗೆ ಅವರ ನೆರಳನ್ನು ಕಿತ್ತುಕೊಳ್ಳುತ್ತಿದ್ದ. ನೆರಳು ಕಳಕೊಂಡವರು ಬಿಸಿಲಿಗಿಟ್ಟ ಸೊಪ್ಪಿನಂತೆ ಬಾಡುತ್ತಿದ್ದರು.

ಪಡುವಲಸೀಮೆಯಲ್ಲಿ ಸಂಕವ್ವ ಎಂಬ ಹೆಣ್ಣುಮಗಳು. ಅವಳ ತಮ್ಮ ಬೀರಯ್ಯನಿಗೆ ಕಲ್ಲುಚೇಳು ಕಚ್ಚಿ, ಪಾದದಿಂದ ಮೇಲಕ್ಕೆ ಅವನು ಕಲ್ಲಾಗುತ್ತ ಬಂದಿದ್ದ. ಕಲ್ಲು ಎದೆ ಮುಟ್ಟಿದರೆ ಮುಗಿಯಿತು. ಅವನನ್ನು ತೆಪ್ಪದಲ್ಲಿ ಮಲಗಿಸಿಕೊಂಡು, ದೇವರ ಮೇಲೆ ಭಾರ ಹಾಕಿ, ಸಂಕವ್ವ ನಡುಗಡ್ಡೆಗೆ ಬಂದಳು.

ದಡದಲ್ಲೇ ಧೂಮಕೇಶ ಕಾದಿದ್ದ. "ತಂಗೀ, ನೆರಳು ಕೊಡು. ನಾಗನನ್ನು ಕರೆಸಿಕೊಡ್ತೀನಿ."

"ನಮ್ಮವ್ವ ಕೊಟ್ಟು ಮೂಲೆ ಹಿಡಿದಿದ್ದಾಳೆ ಸ್ವಾಮಿ. ಅದು ನಿಮ್ಮ ಹೊಟ್ಟೆಗೆ ಸಾಲಲಿಲ್ಲವೇ?"

"ಹಾಗಾದರೆ ಆ ಮೂಡಲ ಮುದುಕನನ್ನೇ ನಂಬು ಹೋಗು" ಎಂದು ಅವನು ನಕ್ಕ.

ಮೂಡಲ ಮುದುಕನೆಂದರೆ ನಡುಮನೆ ಕಾಯುವ ಚನ್ನಿಗಜ್ಜ. ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಕುಕ್ಕೆಯಲ್ಲಿ ಏನಿದೆ, ತೋರಿಸಮ್ಮ."

"ಉಪ್ಪು, ಹಾಲು, ಮುತ್ತುಗದ ಎಲೆ. ನಿಮ್ಮ ಕೋಲಿನೊಳಗೆ ಏನಿದೆ ತೋರಿಸಿ."

"ಗೆದ್ದಲು" ಎಂದ ಅಜ್ಜ.

ಮೊದಲು ಆನೆ. ಹೆಸರು ಮೊದಲು ಹೇಳಿ ಆಮೇಲೆ ಬಿರುದು ಕಟ್ಟುವುದು ಪಡುವಲವರ ಮರ್ಯಾದೆ. ಸಂಕವ್ವ ಉದ್ದಕ್ಕೆ ಬಿರುದು ಹೇಳಿ ಕರೆದಳು. ಆನೆ ಕಿವಿ ಅಲ್ಲಾಡಿಸಲಿಲ್ಲ.

"ಇದರ ಕಿವಿಗೆ ಹತ್ತಿ ತುರುಕಿದ್ದೀರಾ, ಅಜ್ಜ?"

"ನಾವು ಬಿರುದು ಮೊದಲು ಹೇಳ್ತೀವಿ, ಹೆಸರು ಆಮೇಲೆ. ನಿನ್ನದು ಅದಕ್ಕೆ ಕರೆದಂತೆಯೇ ಕೇಳಲ್ಲ."

ಸಂಕವ್ವ ಯೋಚಿಸಿದಳು. 'ದೇವರೇ ಬರೀ ಶಿವಾ ಅಂದರೆ ಓಗೊಡುತ್ತಾನೆ. ಇದಕ್ಕೇನು ಅವನಿಗಿಂತ ಹೆಚ್ಚಿನ ದೊಡ್ಡಸ್ತಿಕೆ?' "ಆನೇ, ಬಾ" ಎಂದಳು. ಆನೆ ಬಂತು, ಬಾಗಿಲು ತೆರೆಯಿತು, ಬೀರಯ್ಯನನ್ನು ತೆಪ್ಪದಿಂದ ಎತ್ತಿ ತಂದು ಒಳಗೆ ಮಲಗಿಸಿತು.

ಒಳಗೆ ಕಗ್ಗತ್ತಲೆ. ಎರಡನೆಯದು ಗಿಳಿ. ಪಡುವಲವರಂತೆ ಹಾಲು ಮೊದಲಿಟ್ಟಳು. ಗಿಳಿ ಅದನ್ನು ಉಪ್ಪೆಂದು ಕುಕ್ಕಿ, ಕೆಮ್ಮಿ, ರೆಕ್ಕೆ ಬಡಿಯಿತು.

"ಉಪ್ಪು ಮೊದಲು" ಎಂದ ಅಜ್ಜ.

"ಹಾಗಾದರೆ ನೀವೇ ಮೊದಲು ನೆಕ್ಕಿ ತೋರಿಸಿ."

ಅಜ್ಜ ನೆಕ್ಕಿ, ಮುಖ ಸಿಂಡರಿಸಿ, "ಸತ್ತಿಲ್ಲ, ನೋಡಿಕೋ" ಎಂದ. ಅವಳು ಮೊದಲು ಉಪ್ಪು ಇಟ್ಟು, ಆಮೇಲೆ ಹಾಲು ಇಟ್ಟಳು. ಗಿಳಿ ದೀಪದಂತೆ ಹೊತ್ತಿಕೊಂಡಿತು.

ಮೂರನೆಯದು ನಾಗ. ಬರೀ ಹೆಸರು ಹಿಡಿದು ಕರೆದದ್ದಕ್ಕೇ ಬಂತು, ಉಪ್ಪು ಹಾಲು ಸ್ವೀಕರಿಸಿತು, ಬೀರಯ್ಯನ ಪಾದಕ್ಕೆ ಬಾಯಿಟ್ಟು ವಿಷ ಹೀರಿ, ಸಂಕವ್ವ ಹಾಸಿದ ಎಲೆಯ ಮೇಲೆ ಉಗುಳಿತು. ಎಲೆ ತುಂಬಿತು. ನಾಗ ಹೆಡೆಯೆತ್ತಿ ಸುಮ್ಮನೆ ಕುಳಿತುಬಿಟ್ಟಿತು. ತುಂಬಿದ ವಿಷ ಹನಿಹನಿಯಾಗಿ ಹೊರಳಿ ಮತ್ತೆ ಬೀರಯ್ಯನ ಮೈ ಸೇರತೊಡಗಿತು. ಕಲ್ಲು ಎದೆಯ ಅಂಚಿಗೆ ಬಂತು.

"ಏನೋ ಮಾಡಿದೆ ನೀನು" ಎಂದು ಅಜ್ಜ ಕೋಲೆತ್ತಿದ.

"ಮಾಡಿದವರು ನೀವು" ಎಂದಳು ಸಂಕವ್ವ.

ಕಿಟಕಿಯಲ್ಲಿ ಧೂಮಕೇಶನ ಮುಖ. "ಎಲೆ ಎತ್ತಬೇಡ ತಂಗೀ, ನಾಗ ಕಚ್ಚುತ್ತೆ. ಅಜ್ಜಾ, ನೀನೂ ಮುಟ್ಟಬೇಡ, ಅವಳ ಮಾಟ ತಗಲುತ್ತೆ."

ಸಂಕವ್ವ ತಿರುಗಿದಳು. "ಅಜ್ಜ, ಇವನು ಇಬ್ಬರಿಗೂ ಬೇಡ ಅಂತಿದ್ದಾನೆ. ಹಾಗಾದರೆ ಎಲೆ ಎತ್ತಬೇಕಾದವರು ಯಾರು?"

"ಇದೇನು ಕೇಳ್ತೀಯಮ್ಮ, ಬಂದವರೇ ಎತ್ತಬೇಕು. ಎಂಜಲೆಲೆ ಬಿಟ್ಟು ಹೋಗೋದು ಮಾಟ ಮಾಡೋರು."

"ನಮ್ಮಲ್ಲಿ ಮನೆಯವರು ಎತ್ತಬೇಕು. ಬಂದವರು ಎತ್ತಿದರೆ ಮನೆಯವರ ಮುಖಕ್ಕೆ ಉಗಿದ ಹಾಗೆ."

ಅಜ್ಜನ ಕೋಲು ತಾನಾಗಿ ಕೆಳಗಿಳಿಯಿತು. "ಅಂದರೆ ನೀವು ಎತ್ತಲಿ ಅಂತ ನಾಗ ಕಾಯುತ್ತೆ, ನಾಗ ಎತ್ತಲಿ ಅಂತ ನೀವು ಕಾಯುತ್ತೀರಿ. ಶಿವಶಿವಾ, ಹೀಗೆ ಕಾದೂ ಕಾದೂ ಎಷ್ಟು ಜನ ಕಲ್ಲಾದರೋ."

ಅಜ್ಜ ಸುಳ್ಳು ಹೇಳುತ್ತಿದ್ದರೆ? ಸಂಕವ್ವನಿಗೆ ತಿಳಿಯುವ ದಾರಿ ಇರಲಿಲ್ಲ. ತಮ್ಮನ ಉಸಿರು ಸಣ್ಣಗಾಗುತ್ತಿತ್ತು. "ಹಾಸಿದವಳು ನಾನು, ಎತ್ತುವವಳೂ ನಾನೇ. ಕಾಯೋದು ಬಿಡೋದು ಭಗವಂತನಿಗೆ ಬಿಟ್ಟದ್ದು" ಎಂದು ಕೈ ಚಾಚಿದಳು. ಹೆಡೆ ಅವಳ ಮಣಿಕಟ್ಟಿನ ಮೇಲೆ ತೂಗಿತು. ಕಚ್ಚಲಿಲ್ಲ. ಅವಳು ಎಲೆ ಎತ್ತಿ ಹೊಳೆಗೆಸೆದು ಹೊಸ ಎಲೆ ಹಾಸಿದಳು. ನಾಗ ಬಾಗಿ ಮತ್ತೆ ಹೀರಿತು. ಹಾಸುತ್ತ ಎತ್ತುತ್ತ, ಹಾಸುತ್ತ ಎತ್ತುತ್ತ, ಕೊನೆಗೆ ಬೀರಯ್ಯ ಕಾಲ್ಬೆರಳು ಮಡಚಿ, "ಅಕ್ಕಾ, ಕಾಲು ಜುಮ್ಮೆನ್ನುತ್ತಿದೆ" ಎಂದ.

ಸುದ್ದಿ ಕೇಳಿದ ರಾಜ ಡಂಗುರ ಸಾರಿಸಿದ: ನಡುಮನೆಯ ಹೊಸ್ತಿಲ ಒಳಗೆ ಮೂಡಲವರು ತಮ್ಮಂತೆ ಸಾಕಲಿ, ಹೊಸ್ತಿಲ ಹೊರಗೆ ಪಡುವಲವರು ತಮ್ಮಂತೆ ಬಾಳಲಿ. ಹೊಸ್ತಿಲ ಮೇಲೆ ಮಾತ್ರ ಎಲ್ಲರಿಗೂ ಒಂದೇ ರೀತಿ. ಬರೀ ಹೆಸರಿನಿಂದ ಕರೆಯಬೇಕು, ಉಪ್ಪು ಮೊದಲು ಹಾಲು ಆಮೇಲೆ, ಎಲೆ ಹಾಸಿದವರೇ ಎತ್ತಬೇಕು.

ಅನುಮಾನ ಒಂದೇ ದಿನಕ್ಕೆ ಹೋದೀತೇ? ಮೊದಮೊದಲು ಜನ ದೂರ ನಿಂತು, ಕತ್ತು ಚಾಚಿ ನೋಡಿದರು. ಆಮೇಲೆ ತಾವೇ ಬಂದು ಎಲೆ ಹಾಸಿದರು, ತಾವೇ ಎತ್ತಿದರು. ನೆರಳು ಕೊಡುವವರು ಇಲ್ಲವಾದರು. ಹೊಸ ನೆರಳಿಲ್ಲದೆ ಧೂಮಕೇಶ ಹಸಿದ. ಹಳೆಯ ನೆರಳುಗಳು ಒಂದೊಂದಾಗಿ ಅವನ ಮೈಯಿಂದ ಕಳಚಿ, ಹೊಳೆ ದಾಟಿ, ತಂತಮ್ಮ ಒಡೆಯರ ಪಾದ ಹುಡುಕಿಕೊಂಡು ಹೋದವು. ಕೊನೆಗೆ ದಡದಲ್ಲಿ ಉಳಿದದ್ದು ಒಂದು ಹಿಡಿ ಮಸಿ. ಅದನ್ನೂ ಗಾಳಿ ಒಯ್ದಿತು.

ಎರಡೂ ಸೀಮೆ ಸುಖವಾಗಿ ಬಾಳಿದವು. ಅವರನ್ನು ಕಾಯ್ದ ಸ್ವಾಮಿ, ಈ ಕತೆ ಕೇಳಿದ ನಿಮ್ಮ ಮನೆಯನ್ನೂ ಕಾಯಲಿ.