ಬೆನ್ನ ಹಿಂದೆ ತನ್ನದೇ ಹೆಜ್ಜೆ

ಹೆಡ್‌ಫೋನಿನೊಳಗೆ ಕಾರಿಡಾರು ತೆರೆದುಕೊಂಡಿತು. ಎಡಕ್ಕೆ ಒಡೆದ ಕಿಟಕಿಯಿಂದ ಗಾಳಿ, ಬಲಕ್ಕೆ ಎಲ್ಲೋ ತೊಟ್ಟಿಕ್ಕುವ ನಲ್ಲಿ, ಎದುರಿಗೆ ಮರದ ಬಾಗಿಲು. ಅವಳು ಕೀಬೋರ್ಡಿನ ಕೀಲಿ ಒತ್ತುತ್ತ ನಾಲ್ಕು ಹೆಜ್ಜೆ ಮುಂದೆ ಹೋದಳು. ಆಗ ಬೆನ್ನ ಹಿಂದೆ ದೆವ್ವ ನಡೆಯತೊಡಗಿತು.

ದೆವ್ವಕ್ಕೆಲ್ಲ ಹೆದರುವವಳಲ್ಲ ಅವಳು. ಈ ಆಟದ ಒಂದೊಂದು ಸದ್ದನ್ನೂ ನೂರು ಸಲ ಕೇಳಿ, ಇದು ಇರಲಿ, ಅದು ಬೇಡ ಎಂದು ಆರಿಸಿದವಳು. ಹುಟ್ಟಿನಿಂದ ಕಣ್ಣು ಕಾಣದ ಅವಳಿಗೆ ಆಫೀಸಿನಲ್ಲಿ ಕಿವಿಯಮ್ಮ ಎಂದೇ ಹೆಸರು. ಆದರೆ ಇವತ್ತಿನ ಹೆಜ್ಜೆ ಹೊಸದು. ಎಡಗಾಲು ಗಟ್ಟಿಯಾಗಿ ಬೀಳುತ್ತಿತ್ತು, ಬಲಗಾಲು ಕೂದಲೆಳೆಯಷ್ಟು ತಡ. ಬಾಗಿಲ ಹತ್ತಿರ ಬಂದು, ಹೊಸ್ತಿಲು ಹುಡುಕುವಂತೆ ಒಂದು ಪುಟ್ಟ ಹೆಜ್ಜೆ. ಆಮೇಲೆ ಒಳಕ್ಕೆ.

ಎಂಟನೇ ವಯಸ್ಸಿನಲ್ಲಿ ಉಯ್ಯಾಲೆಯಿಂದ ಬಿದ್ದು ಬಲಗಾಲು ಮುರಿದುಕೊಂಡ ಮೇಲೆ ಅವಳು ನಡೆಯುವುದೇ ಹೀಗೆ. ಪ್ರತಿ ಬಾಗಿಲಲ್ಲೂ ಆ ಪುಟ್ಟ ಹೆಜ್ಜೆ ಅವಳದೇ. ಅವಳು ಕುರ್ಚಿಯಲ್ಲಿ ಕೂತಿದ್ದಳು, ಅವಳ ಕಾಲು ಹಿಂದಿನಿಂದ ನಡೆದು ಬರುತ್ತಿತ್ತು.

ಆಟದೊಳಗೆ ಅವಳು ಕಾಲಿಗೆ ಬುದ್ಧಿ ಹೇಳಿದಳು. ಓಡಿ ಗೋಡೆಗೆ ಢಿಕ್ಕಿ ಹೊಡೆದಳು, ಸೋತಳು.

"ಏನಾಯ್ತು?" ಎಂದು ಪಕ್ಕದ ಕುರ್ಚಿಯಿಂದ ಚಿತ್ರಗಾರ ಹೂಂ ಸಾಹೇಬ ಕೇಳಿದ. ಅವನ ಬಾಯಿಂದ ಅಷ್ಟು ಉದ್ದದ ಮಾತು ಬಂದದ್ದೇ ವಾರದಲ್ಲಿ ಮೊದಲ ಸಲ. ಅವಳು ಏನಿಲ್ಲ ಎಂದು ಎದ್ದುಬಿಟ್ಟಳು.

ಈ ಆಟವನ್ನು ಇಬ್ಬರು ಸೇರಿ ಆಡಬೇಕು, ಒಂದು ಪಾಳು ಮನೆಯೊಳಗೆ. ಒಬ್ಬರಿಗೆ ಪರದೆ ಮಾತ್ರ, ಸದ್ದಿಲ್ಲ. ಇನ್ನೊಬ್ಬರಿಗೆ ಸದ್ದು ಮಾತ್ರ, ಪರದೆಯಿಲ್ಲ. ದೆವ್ವ ನಡೆಯುವಾಗ ಕೇಳಿಸುತ್ತದೆ, ಕಾಣಿಸುವುದಿಲ್ಲ. ನಿಂತಾಗ ಕಾಣಿಸುತ್ತದೆ, ಕೇಳಿಸುವುದಿಲ್ಲ. ಹಾಗಾಗಿ ಇಬ್ಬರೂ ಬಾಯಿ ಬಿಟ್ಟು ಹೇಳಿಕೊಳ್ಳಲೇಬೇಕು. ಕಣ್ಣಿದ್ದವರೂ ಇಲ್ಲದವರೂ ಜೊತೆಯಲ್ಲಿ ಕೂತು, ಯಾರೂ ಯಾರಿಗೂ ಉಪಕಾರ ಮಾಡದೆ ಆಡಲಿ ಎಂದು ಅವಳೇ ಹಟ ಹಿಡಿದು ಮಾಡಿಸಿದ ನಿಯಮ ಅದು.

ಬಾಯಿ ಬಿಡಬೇಕು ಎನ್ನುವಲ್ಲೇ ಬಂದಿತ್ತು ತೊಂದರೆ. ಪರದೆ ನೋಡುವ ಪಾಲು ಚಿತ್ರಗಾರನದು, ಅವನಿಗೋ ಮಾತಾಡಿದರೆ ಮುತ್ತು ಉದುರಿಹೋಗುತ್ತದೆ ಎಂಬ ಭಯ. ಬಾಗಿಲಿದೆಯಾ ಎಂದರೆ ಹೂಂ. ಎಡಕ್ಕಾ, ಬಲಕ್ಕಾ ಎಂದರೂ ಹೂಂ. ಹೂಂ ಸಾಹೇಬ ಎಂದು ಹೆಸರಿಟ್ಟವಳು ಅವಳೇ. ಅವನ ಪಕ್ಕದಲ್ಲಿ ಹೆರೆದ ಪೆನ್ಸಿಲ್ಲಿನ ವಾಸನೆ ಇರುತ್ತಿತ್ತು. ಅವಳು ನಕ್ಕರೆ ಅವನ ಉಸಿರು ಒಂದು ಗಳಿಗೆ ನಿಲ್ಲುತ್ತಿತ್ತು, ಅದೂ ಅವಳಿಗೆ ಕೇಳಿಸುತ್ತಿತ್ತು. ನಿಜ ಹೇಳಬೇಕೆಂದರೆ ಅವಳು ದಿನಾ ಹತ್ತು ನಿಮಿಷ ಮುಂಚೆ ಬರುತ್ತಿದ್ದದ್ದು ಆ ಕುರ್ಚಿಗಾಗಿ.

ಆ ಮಧ್ಯಾಹ್ನ ಅವಳು ಆಫೀಸಿನ ನಿಜವಾದ ಕಾರಿಡಾರಿನಲ್ಲಿ ಹೊರಟಳು. ಹಳೇ ಕಟ್ಟಡ, ಮರದ ನೆಲ. ನಡೆದಳು, ಥಟ್ಟನೆ ನಿಂತಳು. ಹಿಂದೆ ಏನೂ ಇಲ್ಲ. ಮತ್ತೆ ನಡೆದಳು, ಮತ್ತೆ ನಿಂತಳು. ಕಡೆಯ ಹೆಜ್ಜೆ ತನ್ನದಾ ಅಲ್ಲವಾ ಎಂದು ತಿಳಿಯದೆ ಅಲ್ಲೇ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದಳು.

ಮರುದಿನ ಆಫೀಸಿನ ನಾಲ್ಕು ಜನರಿಗೆ ಆ ಸದ್ದು ಕೇಳಿಸಿದಳು. ಎಲ್ಲರೂ ಬರೀ ಹೆಜ್ಜೆ ಎಂದರು. ಕಿವಿಗೆ ಆಯಾಸ ಆಗಿರಬೇಕು, ಎರಡು ದಿನ ರಜೆ ತಗೋ ಎಂದರು ಯಜಮಾನರು. ಅವಳು ಆ ಸದ್ದನ್ನು ಫೋನಿಗೆ ಹಾಕಿಕೊಂಡು ಮನೆಗೆ ಬಂದಳು.

ಅಕ್ಕ ಅಡುಗೆಮನೆಯಲ್ಲಿದ್ದಳು. ತಂಗಿ ಬಂದು ಗಂಟೆಯಾಗಿತ್ತು, ಟೀ ಲೋಟ ಕೈಗೆ ಕೊಟ್ಟು ಹೋದವಳೂ ಅಕ್ಕನೇ. ಅವಳು ಹಜಾರದಲ್ಲಿ ಕೂತು ಫೋನು ಒತ್ತಿದಳು. ಎಡ, ತಡವಾಗಿ ಬಲ. ಎಡ, ತಡವಾಗಿ ಬಲ. ಪುಟ್ಟ ಹೆಜ್ಜೆ.

"ಬಂದ್ಯಾ? ಬಾಗಿಲು ಹಾಕ್ಕೊಂಡು ಬಾ, ಗಾಳಿಗೆ ಹೊಡ್ಕೊಳ್ಳುತ್ತೆ," ಎಂದು ಅಕ್ಕ ಒಳಗಿಂದ ಕೂಗಿದಳು.

ಅಡುಗೆಮನೆಯ ಸದ್ದು ನಿಂತಿತು. ಅಕ್ಕ ಮೆಲ್ಲಗೆ ಹೊರಬಂದಳು. ಬಾಗಿಲ ಚಿಲಕ ಎಳೆದು ನೋಡಿದ ಸದ್ದಾಯಿತು, ಅದು ಹಾಕಿಯೇ ಇತ್ತು.

"ನೀನು ಇಲ್ಲೇ ಇದ್ದೀಯಲ್ಲ," ಎಂದಳು ಅಕ್ಕ. "ಹಾಗಾದ್ರೆ ಈಗ ಬಂದಿದ್ದು ಯಾರು?"

ಅಂತೂ ಕಿವಿ ಸರಿಯಿತ್ತು. ಅವಳಿಗೆ ಸಮಾಧಾನವೂ ಆಯಿತು, ಭಯವೂ ಆಯಿತು.

ರಜೆ ಗಿಜೆ ಬಿಟ್ಟು ಬೆಳಿಗ್ಗೆಯೇ ಕೋಡ್ ಬರೆಯುವವಳನ್ನು ಹಿಡಿದಳು. ಯಾರ ನಡಿಗೆ ರೆಕಾರ್ಡ್ ಮಾಡಿದಿರಿ ಎಂದು ಕೇಳಿದಳು. ಯಾರದೂ ಇಲ್ಲ, ಅದು ಮೇಜಿನ ಮೇಲೆ ಬೂಟು ಕುಟ್ಟಿದ ಒಂದೇ ಒಂದು ಸದ್ದು ಎಂದು ಉತ್ತರ ಬಂತು. ಆ ಸದ್ದು ಯಾವಾಗ ಬೀಳಬೇಕು ಅನ್ನೋದನ್ನ ಚಿತ್ರ ಹೇಳುತ್ತೆ, ಹೂಂ ಸಾಹೇಬ ಬರೆದ ಕಾಲು, ಪರದೇಲಿ ಕಾಣದಿದ್ರೂ, ನೆಲಕ್ಕೆ ತಾಗಿದಾಗ ಅದು ತಾನಾಗಿ ಬೀಳುತ್ತೆ, ಹೋದ ವಾರ ಅವನು ಹೊಸ ನಡಿಗೆ ಬರೆದುಕೊಟ್ಟ ಎಂದಳು.

ಕಿವಿಯಮ್ಮನಿಗೆ ಶಾಲೆಯ ಉದ್ದ ಕಾರಿಡಾರು ನೆನಪಾಯಿತು. ಅವಳ ಎಡ-ಬಲ ಕೇಳಿದ ಕೂಡಲೇ ಮಕ್ಕಳು 'ಬಂತು, ಬಂತು' ಎಂದು ಕಿರುಚಿ ಓಡುತ್ತಿದ್ದರು. ಓಡಿದವರನ್ನೆಲ್ಲ ಅವಳು ಎಂದೋ ಮರೆತಿದ್ದಳು. ಆದರೆ ಈ ಒಬ್ಬನ ಕಣ್ಣಿಗೂ ತಾನು ದೆವ್ವವೇ ಆದರೆ ಅದನ್ನು ಮರೆಯುವುದು ಹೇಗೆ ಎಂದು ಅವಳಿಗೆ ಗೊತ್ತಿರಲಿಲ್ಲ.

ನೇರ ಅವನ ಮೇಜಿಗೆ ಹೋದಳು. ಹೆಡ್‌ಫೋನನ್ನು ಅವನ ತಲೆಗೆ ತಾನೇ ಸಿಕ್ಕಿಸಿದಳು. ಯಾವಾಗಲೂ ಪರದೆಯ ಪಾಲಿನವನು, ತಾನು ಬರೆದ ನಡಿಗೆಯನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಅವನ ಪೆನ್ಸಿಲ್ಲು ಉರುಳಿ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

"ನಿಮ್ಮ ದೆವ್ವ ನಾನಾ?" ಎಂದಳು.

"ನಾನು ಬೇಕು ಅಂತ ಬರೀಲಿಲ್ಲ," ಎಂದ ಅವನು.

ಹಾಗಾದರೆ ಯಾಕೆ ಬರೆದಿರಿ ಎಂದರೆ ಮತ್ತೆ ಬಾಯಿಗೆ ಬೀಗ. ಅವಳಿಗೆ ರೇಗಿತು. ನನ್ನ ಹೆಜ್ಜೆ ಕೇಳಿ ಓಡಿದವರು ಸಾಕಷ್ಟಿದ್ದಾರೆ, ದುಡ್ಡು ಕೊಟ್ಟು ಆಟ ಕೊಂಡು ಓಡುವವರು ಬೇರೆ ಬೇಡ, ಅದನ್ನು ಅಳಿಸಿ, ಇಲ್ಲದಿದ್ದರೆ ನಾನು ಈ ಕೆಲಸದಲ್ಲಿರುವುದಿಲ್ಲ ಎಂದಳು.

"ಹೂಂ," ಎಂದ ಅವನು.

ಆ ಹೂಂ ಅವಳಿಗೆ ಬೆಂಕಿ ಇಟ್ಟಂತಾಯಿತು. ಮೂರು ದಿನ ಆಫೀಸಿನ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಅಡುಗೆಮನೆಗೆ ಹೋದರೂ ತನ್ನ ಹಿಂದೆ ತಾನೇ ಬರುತ್ತಿರುವಂತೆ ಅನಿಸುತ್ತಿತ್ತು. ಅಕ್ಕ ಕೂಡ ಅವಳ ಹೆಜ್ಜೆ ಕೇಳಿದರೆ ಮೊದಲು ತಿರುಗಿ ನೋಡಿ, ಆಮೇಲೆ ಮಾತಾಡುತ್ತಿದ್ದಳು.

ನಾಲ್ಕನೇ ದಿನ ಫೋನಿಗೆ ಅವನ ಒಂದು ಧ್ವನಿ ಸಂದೇಶ ಬಂತು. "ಇನ್ನೂ ಅಳಿಸಿಲ್ಲ. ಅಳಿಸೋ ಮುಂಚೆ ಒಂದ್ಸಲ ಜೊತೇಲಿ ಆಡ್ತೀರಾ?" ಅದನ್ನು ಅವಳು ಏಳು ಸಲ ಕೇಳಿದಳು. ಎಂಟನೇ ಸಲಕ್ಕೆ ಹೊರಟಳು.

ಊಟದ ಹೊತ್ತು, ಆಫೀಸಿನಲ್ಲಿ ಯಾರೂ ಇರಲಿಲ್ಲ. ಅದೇ ಎರಡು ಕುರ್ಚಿ. ಹೆಡ್‌ಫೋನಿನೊಳಗೆ ಅದೇ ಗಾಳಿ, ಅದೇ ನಲ್ಲಿ. ನಾಲ್ಕು ಹೆಜ್ಜೆ ಮುಂದೆ ಹೋದಳು. ಬೆನ್ನ ಹಿಂದೆ ಶುರುವಾಯಿತು, ಎಡ, ತಡವಾಗಿ ಬಲ. ಅವಳ ಬೆರಳು ಓಡುವ ಕೀಲಿಯ ಮೇಲೆ ಬಿಗಿಯಾಯಿತು.

"ಓಡ್ಬೇಡಿ," ಎಂದ ಅವನು.

ಆಟದಲ್ಲಿ ಅವನು ತಾನಾಗಿ ಬಾಯಿ ಬಿಟ್ಟದ್ದು ಅದೇ ಮೊದಲು. ಅವಳು ನಿಂತಳು. ಅವಳ ಹೆಜ್ಜೆಗಳು ಅವಳ ಹತ್ತಿರ ಬಂದವು. ಇನ್ನೂ ಹತ್ತಿರ. ಕುತ್ತಿಗೆಯ ಹಿಂದೆ ಒಂದು ಪುಟ್ಟ ಹೆಜ್ಜೆ, ಆಮೇಲೆ ಏನೂ ಇಲ್ಲ. ಅದು ನಿಂತಿತ್ತು. ಇನ್ನು ಅದು ಅವನ ಪಾಲಿಗೆ ಮಾತ್ರ ಇತ್ತು. ಅವನು ಕಂಡದ್ದನ್ನು ಹೇಳಬೇಕು, ಅವಳು ನಂಬಿ ಕೀಲಿ ಒತ್ತಬೇಕು. ತಡವಾದರೆ ದೆವ್ವ ಮೇಲೆ ಬೀಳುತ್ತದೆ.

"ಕಾಣಿಸ್ತಿದೆಯಾ?"

"ಕಾಣಿಸ್ತಿದ್ದಾಳೆ."

"ಹೇಳಿ ಮತ್ತೆ. ಹೂಂ ಅಂದ್ರೆ ಎದ್ದು ಹೋಗ್ತೀನಿ."

ಅವನು ಗಂಟಲು ಸರಿಮಾಡಿಕೊಂಡ. "ಆ ಪಾಳು ಮನೇಲಿ ಎಲ್ರಿಗೂ ಕತ್ತಲೆ ಅಂದ್ರೆ ಭಯ. ಅವಳೊಬ್ಬಳಿಗೆ ಇಲ್ಲ. ಕತ್ತಲೆಗೆ ಹೆದರದೋರು ಹೇಗೆ ನಡೀತಾರೆ ಅಂತ ಯೋಚಿಸ್ತಾ ಕೂತಿದ್ದೆ, ಕೈ ತಾನಾಗೇ ಬರೀತು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಈ ಕಾರಿಡಾರಲ್ಲಿ ನೀವು ಬರೋದನ್ನ ನೋಡ್ತಿದ್ದೀನಿ. ನಾನು ನೋಡೋದು ನಿಮಗೆ ಕೇಳಿಸುತ್ತೆ ಅಂತ ಗೊತ್ತಿರ್ಲಿಲ್ಲ."

ಅವಳು ಬಿಡಲಿಲ್ಲ. "ಮುಖ ಹೇಗಿದೆ?"

"ಎಡ ಹುಬ್ಬಿನ ಮೇಲೆ ಒಂದು ಹಳೇ ಗಾಯದ ಗುರುತಿದೆ. ಕೋಪ ಬಂದ್ರೆ ಅದು ಮೇಲಕ್ಕೆ ಹೋಗುತ್ತೆ. ನಗು ತಡೀಬೇಕಾದ್ರೆ ಕೆಳತುಟಿ ಕಚ್ಚಿ ಹಿಡೀತಾಳೆ. ಈಗ ಕಚ್ಚಿದ್ದಾಳೆ."

ಅವಳು ತಟ್ಟನೆ ತುಟಿ ಬಿಟ್ಟಳು. "ಇದೆಲ್ಲ ಪರದೆ ಮೇಲಿದೆಯಾ?"

"ಇಲ್ಲ. ಪರದೇಲಿ ಅವಳಿಗೆ ಮುಖ ಇಲ್ಲ. ನಿಮ್ಮನ್ನ ಕೇಳದೆ ಅದನ್ನ ಬರೆಯೋಕೆ ಕೈ ಬರ್ಲಿಲ್ಲ. ನಾನು ಈ ಕಡೆ ನೋಡ್ತಿದ್ದೀನಿ."

ಅವಳು ಕೀಲಿಯಿಂದ ಕೈ ತೆಗೆದಳು. ಗಾಳಿಯಲ್ಲಿ ಒಂದಿಷ್ಟು ತಡಕಾಡಿದಳು. ಅವನ ಕೈ ತಾನೇ ಎದುರು ಬಂತು, ಪೆನ್ಸಿಲ್ ಹಿಡಿದೂ ಹಿಡಿದೂ ಬೆರಳಲ್ಲಿ ಗಂಟು. ಅವಳು ಆ ಗಂಟನ್ನು ಸವರಿದಳು. ಎಷ್ಟೋ ದಿನದಿಂದ ಬೇಕಾಗಿದ್ದ ಕೈ ಅದು.

"ದಿನಾ ಹತ್ತು ನಿಮಿಷ ಮುಂಚೆ ನಾನು ಯಾಕೆ ಬರ್ತಿದ್ದೆ, ಗೊತ್ತಾ?" ಎಂದಳು. "ನಿನ್ನ ಹಾಳು ಹೂಂಗೋಸ್ಕರ."

ಅವನ ಉಸಿರು ನಿಂತು, ಮತ್ತೆ ಶುರುವಾಯಿತು.

"ಅಳಿಸ್ಬೇಡ," ಎಂದಳು ಅವಳು. "ಮುಖಾನೂ ಬರಿ."

ಕೀಲಿ ಒತ್ತುವ ಹೊತ್ತು ಮೀರಿತ್ತು. ದೆವ್ವ ಮೇಲೆ ಬೀಳುವ ಸದ್ದಿಗಾಗಿ ಅವಳು ಭುಜ ಕುಗ್ಗಿಸಿ ಕಾದಳು. ಅದು ಬರಲಿಲ್ಲ. ಬದಲಿಗೆ ಹೆಜ್ಜೆಗಳು ಮತ್ತೆ ಎದ್ದವು. ಎಡ, ತಡವಾಗಿ ಬಲ. ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಅವಳಿಂದ ದೂರಕ್ಕೆ ನಡೆದವು. ಕಾರಿಡಾರಿನ ಕೊನೆಯಲ್ಲಿ ಬಾಗಿಲ ಮುಂದೆ ಒಂದು ಪುಟ್ಟ ಹೆಜ್ಜೆ ಇಟ್ಟು ಆಚೆ ಹೋದವು.

ಅವಳು ಹೆಡ್‌ಫೋನು ಕೆಳಗಿಳಿಸಿದಳು. "ಅವಳು ತಿರುಗಿ ಹೋಗೋದು ಚೆನ್ನಾಗಿದೆ. ಯಾವಾಗ ಬರೆದೆ?"

ಅವಳ ಕೈ ಹಿಡಿದಿದ್ದ ಅವನ ಬೆರಳುಗಳು ಬಿಗಿಯಾದವು.

"ಹೋಗೋದನ್ನ ನಾನು ಬರೆದಿಲ್ಲ," ಎಂದ. "ನೀನು ಬರೋದನ್ನ ಮಾತ್ರ ಬರೆದಿದ್ದೆ."