ಕೊಪ್ಪದ ಸರ್ವರ್ ಮೂರು ಸಲ ನಿಂತದ್ದು

ಕಾಂತೇಶನ ವಾಚ್ ಅಂಗಡಿಗೆ ಕೆಟ್ಟ ವಾಚು ಹಿಡಿದುಕೊಂಡು ಬರುವವರಿಗಿಂತ ಕೆಟ್ಟ ಮುಖ ಹೊತ್ತು ಬರುವವರೇ ಹೆಚ್ಚು. ಕಾರಣ ಕರಿಬಸವಯ್ಯನವರು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಅಯ್ಯನವರು ದಿನವೂ ಆ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು, ಕೊಪ್ಪದಲ್ಲಿ ಬಗೆಹರಿಯದ ಸಂಗತಿಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಇದರಿಂದ ಕಾಂತೇಶನ ವ್ಯಾಪಾರ ಕುಂಟುತ್ತಿತ್ತು. ಅವನಿಗೆ ಅದರ ಬೇಸರವೇನೂ ಇರಲಿಲ್ಲ.

ಏಪ್ರಿಲ್‌ನ ಆ ಶುಕ್ರವಾರ ಬೆಳಿಗ್ಗೆ ಬಂದವಳು ಶಾಲಿನಿ. ಸೋಮನಾಥ್ ಅವರ ಕಂಪ್ಯೂಟರ್ ಕೇಂದ್ರದಲ್ಲಿ ಸರ್ವರ್ ನೋಡಿಕೊಳ್ಳುವವಳು.

"ಸೋಮವಾರ ಸರ್ ನನ್ನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತೆ, ಅಯ್ಯನೋರೇ. ಸರ್ವರ್ ಮೂರು ಸಲ ನಿಂತೋಯ್ತು. ನಾನೇ ನಿಲ್ಲಿಸ್ತಿದೀನಿ ಅಂತಾರೆ."

"ಸರ್ವರ್ ಅಂದ್ರೆ ಎಂತದು, ನಿಧಾನಕ್ಕೆ ಹೇಳಮ್ಮ. ಇವನಿಗೂ ಅರ್ಥ ಆಗ್ಲಿ," ಎಂದು ಅಯ್ಯನವರು ಕಾಂತೇಶನ ಕಡೆ ತೋರಿಸಿದರು.

ಕೇಂದ್ರದಲ್ಲಿ ಇದ್ದದ್ದು ಒಂದೇ ದೊಡ್ಡ ಯಂತ್ರ. ಅದರೊಳಗೆ ಒಂದು ತಂತ್ರಾಂಶ ಮೂರು ಬೇರೆ ಬೇರೆ ಯಂತ್ರಗಳಿರುವಂತೆ ಪಾಲು ಮಾಡಿಕೊಟ್ಟಿತ್ತು. ಒಂದು ಪಾಲು ಶೃಂಗೇರಿಯ ರಾಜಶೇಖರ್ ಅವರ ಲಾಡ್ಜಿಗೆ, ಒಂದು ಎನ್.ಆರ್. ಪುರದ ದಾಕ್ಷಾಯಣಮ್ಮನವರ ಬಸ್ ಬುಕಿಂಗ್ ಆಫೀಸಿಗೆ, ಇನ್ನೊಂದು ಹರಿಹರಪುರದ ರಕ್ತಪರೀಕ್ಷೆಯ ಲ್ಯಾಬಿಗೆ. ಅವರ ಮೇಜಿನ ಮೇಲಿರುವುದು ಬರೀ ಪರದೆ; ಅಲ್ಲಿ ಕಾಣುವ ಯಂತ್ರ ಕೊಪ್ಪದಲ್ಲಿರುತ್ತಿತ್ತು. ಒಂದು ಪಾಲು ಕೆಟ್ಟರೂ ಉಳಿದವಕ್ಕೆ ಬಿಸಿ ತಟ್ಟಬಾರದೆಂಬುದು ಈ ಏರ್ಪಾಟಿನ ಹೆಚ್ಚುಗಾರಿಕೆ.

"ಆದ್ರೆ ಮೂರೂ ಒಟ್ಟಿಗೇ ನಿಲ್ತಾವೆ," ಎಂದಳು ಶಾಲಿನಿ. "ದೊಡ್ಡ ಯಂತ್ರದ ಪಾಸ್‌ವರ್ಡ್ ಇರೋದು ನನ್ನ ಹತ್ರ ಮಾತ್ರ. ರಾಜಶೇಖರ್ ಅವರು ಸ್ವಂತ ಸರ್ವರ್ ತಗೊಂಡಿದಾರೆ, ಅವರಿಗೋಸ್ಕರ ನಾನು ಕೆಡಿಸ್ತಿದೀನಿ ಅಂತ ಸರ್ ಎಲ್ಲರೆದುರೇ ಅಂದ್ರು."

"ಕರೆಂಟು?"

"ಬ್ಯಾಟರಿ ಇದೆ, ಒಂದು ಸಲವೂ ಹೋಗಿಲ್ಲ. ಸಿಡಿಲು ಅನ್ನೋಣ ಅಂದ್ರೆ ಮೂರು ಸಲವೂ ಕೊಪ್ಪದಲ್ಲಿ ಚುರುಚುರು ಬಿಸಿಲು. ಗುಡುಗು ಬಂದದ್ದು ಅರ್ಧ ಗಂಟೆ ಆಮೇಲೆ. ತಂತ್ರಾಂಶಕ್ಕೆ ಹೊಸ ತಿದ್ದುಪಡಿ ಬಂದಿದೆ, ಹಾಕೋಕೆ ಒಂದು ಗಂಟೆ ನಿಲ್ಲಿಸ್ಬೇಕು ಅಂತ ಅದರ ವಿವರದ ಕಾಗದ ಕೊಟ್ಟು ಮೂರು ಸಲ ಕೇಳಿದೆ. ಬೇಡ ಅಂದ್ರು."

ಅಯ್ಯನವರು ಆ ಕಾಗದದ ಪ್ರತಿ ಇಸಿದುಕೊಂಡು, ಸರ್ವರ್ ನಿಂತ ಮೂರು ಹೊತ್ತನ್ನೂ ಬರೆದುಕೊಂಡರು. ಅವಳು ಹೋದಮೇಲೆ ಕಾಂತೇಶ ಕೈಯಲ್ಲಿದ್ದ ವಾಚನ್ನು ಕೆಳಗಿಟ್ಟ. ಪೊಲೀಸು ಅಂತ ಒಂದು ಸಲ ಹೆಸರು ಕೆಟ್ಟರೆ ಆ ಹುಡುಗಿಗೆ ಈ ಮೂರು ತಾಲೂಕಿನಲ್ಲಿ ಯಾರು ಕೆಲಸ ಕೊಟ್ಟಾರು?

ಶನಿವಾರ ಅಯ್ಯನವರು ಶೃಂಗೇರಿಗೆ ಹೋದರು, ಕಾಂತೇಶನನ್ನು ಎನ್.ಆರ್. ಪುರಕ್ಕೆ ಅಟ್ಟಿದರು. ಸಂಜೆ ಇಬ್ಬರೂ ಅಂಗಡಿಯಲ್ಲಿ ಸೇರಿದರು.

"ರಾಜಶೇಖರ್ ತಗೊಂಡಿದ್ದು ಕ್ಯಾಮೆರಾಗಳಿಗೆ ಬೇಕಾದ ಪೆಟ್ಟಿಗೆ, ಸರ್ವರ್ ಅಲ್ಲ," ಎಂದರು ಅಯ್ಯನವರು. "ಇಲ್ಲಿನ ಸರ್ವರ್ ನಿಂತಾಗೆಲ್ಲ ಯಾತ್ರಿಗಳು ಗಂಟುಮೂಟೆ ಹಿಡ್ಕೊಂಡು ಅವರ ಬಾಗಿಲಲ್ಲಿ ಜಗಳಕ್ಕೆ ನಿಂತಿದ್ರಂತೆ. ನಿನ್ನದೆಂತ ಕತೆ?"

"ಎಂತದೂ ಇಲ್ಲ. ದಾಕ್ಷಾಯಣಮ್ಮ ಮಜ್ಜಿಗೆ ಕೊಟ್ರು. ಕೌಂಟರ್ ಮೇಲೆ 'ಗುಡುಗು ಬಂದರೆ ಬುಕಿಂಗ್ ಇಲ್ಲ' ಅಂತ ಬೋರ್ಡ್ ಹಾಕಿದಾರೆ, ನಗು ಬಂತು. ಹೋದ ವರ್ಷ ಸಿಡಿಲಿಗೆ ಮೋಡೆಮ್ ಸುಟ್ಟಿತಂತೆ. ಈಗ ಮೊದಲ ಗುಡುಗಿಗೇ ಎಲ್ಲ ಕಳಚಿಡ್ತಾರಂತೆ. ಅದೂ ಸುಮ್ಮನೆ ವೈರು ಕೀಳೋದಲ್ಲ, ಪದ್ಧತಿ ಪ್ರಕಾರ ಅಂತ ಹೆಮ್ಮೆ ಬೇರೆ."

ಅಯ್ಯನವರು ಒಂದು ಕ್ಷಣ ಅವನನ್ನೇ ನೋಡಿ ಫೋನ್ ತೆಗೆದರು. ಎನ್.ಆರ್. ಪುರದ ಹಳೆಯ ಲೈನ್‌ಮನ್ ದೇವಪ್ಪನ ಜತೆ ಹತ್ತು ನಿಮಿಷ ಮಾತಾಡಿ, ಫೋನಿಟ್ಟು ಕಾಂತೇಶನ ಕಡೆ ತಿರುಗಿದರು. "ನಾಳೆ ಹನ್ನೊಂದಕ್ಕೆ ಎಲ್ಲರನ್ನೂ ಸೋಮನಾಥ್ ಹತ್ರ ಸೇರಿಸು, ಮಾರಾಯ," ಎಂದರು.

ಭಾನುವಾರ ಕೇಂದ್ರದಲ್ಲಿ ಸೋಮನಾಥ್ ಮುಖ ಬಿಗಿದುಕೊಂಡು ಕೂತಿದ್ದರು. ರಾಜಶೇಖರ್, ದಾಕ್ಷಾಯಣಮ್ಮ, ಲ್ಯಾಬಿನ ಸೌಂದರ್ಯಾ ಬಂದಿದ್ದರು. ಶಾಲಿನಿಯನ್ನು ಅಯ್ಯನವರು ಸರ್ವರ್ ಕೋಣೆಯಿಂದ ದೂರ, ಬಾಗಿಲ ಬಳಿ ಕೂರಿಸಿದ್ದರು.

"ಅಮ್ಮ, ಈ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಆಫೀಸಿನ ಪರದೆಯೇ ಇದೆ. ಗುಡುಗು ಬಂತು ಅಂತ ಇಟ್ಕೊಳ್ಳಿ. ನೀವು ಯಾವಾಗ್ಲೂ ಮಾಡೋ ಹಾಗೇ ಮಾಡಿ."

"ಅದಕ್ಕೇನಂತೆ," ಎಂದು ದಾಕ್ಷಾಯಣಮ್ಮ ಕನ್ನಡಕ ಏರಿಸಿದರು. "ಪೆನ್ ಡ್ರೈವ್ ಕೀಳೋ ಮುಂಚೆ ಇಲ್ಲಿ ಒತ್ತಿ ಬಿಡಿಸ್ಬೇಕು, ಇಲ್ದಿದ್ರೆ ಹಾಳಾಗತ್ತೆ ಅಂತ ಹೇಳ್ಕೊಟ್ಟಿದ್ರು. ಹಂಗಾಗಿ ಈ ಪಟ್ಟೀಲಿ ಇರೋದನ್ನೆಲ್ಲ ಒಂದೊಂದಾಗಿ ಬಿಡಿಸ್ತೀನಿ. ಆಮೇಲೆ ವೈರು ಕೀಳ್ತೀನಿ."

ಅವರು ಒತ್ತಿದರು. ಪರದೆ ಹಾಗೇ ನಿಂತಿತು. ರಾಜಶೇಖರ್ ಫೋನ್ ನೋಡಿ "ಲಾಡ್ಜಿಂದೂ ಹೋಯ್ತು" ಎಂದರು. ಸೌಂದರ್ಯಾ ತನ್ನದೂ ಹೋಯಿತೆಂದು ತಲೆಯಾಡಿಸಿದಳು. ಎಲ್ಲರೂ ಬಾಗಿಲ ಕಡೆ ತಿರುಗಿದರು. ಶಾಲಿನಿ ಕೈಕಟ್ಟಿಕೊಂಡು ಕೂತೇ ಇದ್ದಳು.

"ಸೋಮನಾಥ್, ಕೊಪ್ಪಕ್ಕೆ ಗುಡುಗು ಆಮೇಲೆ ಬಂತು, ಹಾಗಾಗಿ ಸಿಡಿಲಿಗೂ ಇದಕ್ಕೂ ಸಂಬಂಧ ಇಲ್ಲ ಅಂದ್ಕೊಂಡ್ರಿ ನೀವೆಲ್ಲ," ಎಂದರು ಅಯ್ಯನವರು. "ಕೊಪ್ಪಕ್ಕೆ ಬರೋ ಮುಂಚೆ ಅದು ಎಲ್ಲಿತ್ತು ಅಂತ ಕೇಳ್ಕೊಳ್ಳಲಿಲ್ಲ. ಗುಡುಗಿದ್ರೆ ನಮ್ಮ ಟೆಲಿಫೋನ್ ಲೈನ್ ಸುಡ್ತಿತ್ತು, ಅದಕ್ಕೇ ನಮ್ಮವರು ಗುಡುಗಿನ ಹೊತ್ತು ಬರೆದಿಡ್ತಿದ್ರು. ದೇವಪ್ಪ ಇವತ್ತಿಗೂ ಕ್ಯಾಲೆಂಡರಿನಲ್ಲಿ ಬರೀತಾನೆ. ಎನ್.ಆರ್. ಪುರದ ಮೊದಲ ಗುಡುಗು, ನಿಮ್ಮ ಸರ್ವರ್ ನಿಂತದ್ದು, ಮೂರು ಸಲವೂ ಐದು ನಿಮಿಷದ ಒಳಗೆ."

"ಆದರೆ ಒಂದು ಪಾಲಿನವರು ಏನು ಮಾಡಿದರೂ..." ಎಂದು ಸೋಮನಾಥ್ ತಡವರಿಸಿದರು.

"ಅದೇ ತಂತ್ರಾಂಶದ ದೋಷ. ಆ ಪಟ್ಟೀಲಿ ಪೆನ್ ಡ್ರೈವ್ ಜತೆ ಕೊಪ್ಪದ ಯಂತ್ರಕ್ಕೆ ಹೊರಗಿನ ಸಂಪರ್ಕ ಕೊಡೋ ನೆಟ್‌ವರ್ಕ್ ಕಾರ್ಡೂ ಇದೆ. ಕೆಲಸದ ನಡುವೆ ಒಂದು ಪಾಲಿನ ಒಳಗಿಂದ ಅದನ್ನ ಬಿಡಿಸಿದ್ರೆ ಇಡೀ ಯಂತ್ರ ಮರಗಟ್ಟಿ ನಿಲ್ಲತ್ತೆ. ಅಮ್ಮನವರು ಮರುಕ್ಷಣ ವೈರು ಕೀಳೋದ್ರಿಂದ ಅವರಿಗೇ ಗೊತ್ತಾಗಿಲ್ಲ. ತಿದ್ದುಪಡಿ ಬಂದಿರೋದು ಇದೇ ದೋಷಕ್ಕೆ ಅಂತ ಶಾಲಿನಿ ಕೊಟ್ಟ ಕಾಗದದಲ್ಲೇ ಇದೆ. ನಿಮ್ಮ ಮೇಜಿನ ಮೇಲೆ ಫೆಬ್ರವರಿಯಿಂದ ಬಿದ್ದಿದೆ."

ದಾಕ್ಷಾಯಣಮ್ಮನ ಮುಖ ಸಪ್ಪಗಾಯಿತು. "ನನ್ನಿಂದ ಈ ಹುಡುಗಿಗೆ..."

"ಒಬ್ಬ ಬಾಡಿಗೆಯವರು ಕದ ಹಾಕಿದ್ರೆ ಮನೆಯೇ ಕುಸೀತದೆ ಅಂದ್ರೆ ತಪ್ಪು ಕದ ಹಾಕಿದವರದ್ದಲ್ಲಮ್ಮ."

ಸೋಮನಾಥ್ ಎದ್ದು ನಿಂತರು. ಎಲ್ಲರೆದುರು ಹೊರಿಸಿದ್ದ ಆರೋಪವನ್ನು ಎಲ್ಲರೆದುರೇ ಹಿಂತೆಗೆದುಕೊಂಡರು. "ತಪ್ಪು ನನ್ನದು, ಶಾಲಿನಿ. ನೀನು ಹೇಳಿದ್ದನ್ನ ಕೇಳಲಿಲ್ಲ, ಹೇಳಬಾರದ್ದು ಹೇಳಿದೆ. ಕ್ಷಮಿಸು."

ಶಾಲಿನಿಯ ಕಣ್ಣು ತುಂಬಿತು. ಅವಳು ಕಣ್ಣೊರೆಸಿಕೊಂಡು ಒಳಗೆ ಹೋಗಿ ಯಂತ್ರವನ್ನು ಎಬ್ಬಿಸಿದಳು, ಮೂರೂ ಪಾಲುಗಳು ಸರಿಯಿವೆಯೇ ಎಂದು ನೋಡಿದಳು.

"ಈಗ ನನಗೆ ಒಂದು ಗಂಟೆ ಬೇಕು, ಸರ್."

"ಈಗ್ಲೇನಾ? ಭಾನುವಾರ, ಶೃಂಗೇರೀಲಿ ಜನ..."

"ಕೊಡಿ ಮಾರಾಯ್ರೇ," ಎಂದರು ರಾಜಶೇಖರ್. "ಒಂದು ಗಂಟೆ ನಾವು ಪುಸ್ತಕದಲ್ಲಿ ಬರ್ಕೊಳ್ತೀವಿ."

ಸೋಮನಾಥ್ ತಲೆಯಾಡಿಸಿದರು. ಎಲ್ಲರ ಕಣ್ಣೆದುರೇ ಶಾಲಿನಿ ತನ್ನ ಕೈಯಿಂದ ಸರ್ವರ್ ನಿಲ್ಲಿಸಿದಳು.